ಮರಳುಗಲ್ಲಿನ ಖನಿಜ ಸಂಯೋಜನೆಯೂ ಅನಿಲಾಶಯದ ವರ್ತನೆಯೂ

೧. ವಿಷಯ ಪ್ರವೇಶ

ನೆಲದೊಳಗಿನ ಸಹಜಾನಿಲವು ಕಲ್ಲಿನ ಕಣಗಳ ನಡುವೆ ಉಳಿದಿರುವ, ಬರಿಗಣ್ಣಿಗೆ ಕಾಣದಷ್ಟು ಕಿರಿದಾದ ತೆರಪುಗಳಲ್ಲಿ ಸೇರಿಕೊಂಡಿರುತ್ತದೆಂಬ ಸಂಗತಿ ಭೂವಿಜ್ಞಾನದ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತವಾದುದು. ಇಂಥ ತೆರಪುಗಳುಳ್ಳ ಕಲ್ಲು, ಅದರ ಮೇಲೆ ಅನಿಲವನ್ನು ತಡೆದು ನಿಲ್ಲಿಸುವ ಮುಚ್ಚಳದಂಥ ಇನ್ನೊಂದು ಕಲ್ಲು, ಇವೆರಡೂ ಕೂಡಿದ ಎಡೆಯನ್ನು ಈ ಲೇಖನದಲ್ಲಿ ಅನಿಲಾಶಯವೆಂದು ಕರೆಯಲಾಗಿದೆ. ಪ್ರಪಂಚದ ಅನಿಲಾಶಯಗಳಲ್ಲಿ ಬಹುಭಾಗ ಮರಳುಗಲ್ಲಿನಲ್ಲಿಯೂ ಸುಣ್ಣಕಲ್ಲಿನಲ್ಲಿಯೂ ಇವೆ. ಇಲ್ಲಿ ಮರಳುಗಲ್ಲನ್ನು ಮಾತ್ರ ವಿಚಾರಕ್ಕೆ ತೆಗೆದುಕೊಳ್ಳಲಾಗಿದೆ.

ತೆರಪು ಹೆಚ್ಚಾಗಿದ್ದಷ್ಟೂ ಅನಿಲಾಶಯ ಉತ್ತಮವಾದುದೆಂದು ಮೊದಲ ನೋಟಕ್ಕೆ ತೋರುತ್ತದೆ. ಆದರೆ ಅನುಭವವು ಇದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಸಮಪ್ರಮಾಣದ ತೆರಪಿರುವ ಎರಡು ಮರಳುಗಲ್ಲುಗಳಲ್ಲಿ ಒಂದರಿಂದ ಅನಿಲವು ಧಾರಾಳವಾಗಿ ಹೊರಬರುತ್ತದೆ. ಮತ್ತೊಂದರಿಂದ ಅದು ಒಸರುವುದೂ ಕಷ್ಟ. ಒಂದು ಕಲ್ಲು ಅನಿಲವನ್ನು ಬಿಟ್ಟುಕೊಟ್ಟ ಮೇಲೂ ಹೆಚ್ಚು ಕುಗ್ಗದೆ ನಿಲ್ಲುತ್ತದೆ. ಮತ್ತೊಂದು ಮೆಲ್ಲನೆ ಕುಗ್ಗಿ ತನ್ನ ಮೇಲಿನ ನೆಲವನ್ನೂ ಇಳಿಸುತ್ತದೆ. ಈ ಭೇದಗಳಿಗೆ ಕಾರಣವನ್ನು ಕಲ್ಲಿನ ಖನಿಜಗಳಲ್ಲಿ, ಅದರಲ್ಲಿಯೂ ನೂರಕ್ಕೆ ನಾಲ್ಕೈದು ಪಾಲನ್ನು ಮೀರದ ಅಲ್ಪಾಂಶದ ಖನಿಜಗಳಲ್ಲಿ ಹುಡುಕಬೇಕಾಗುತ್ತದೆ. ಯಾವ ಖನಿಜ ಎಷ್ಟಿದೆ ಎನ್ನುವುದರ ಜೊತೆಗೆ, ಅದು ಕಣಗಳ ನಡುವೆ ಯಾವ ಸ್ಥಾನದಲ್ಲಿ, ಯಾವ ರೂಪದಲ್ಲಿ ಕುಳಿತಿದೆ ಎನ್ನುವುದೇ ಅನಿಲಾಶಯದ ವರ್ತನೆಯನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಈ ಸಂಬಂಧವನ್ನು ಸ್ಪಷ್ಟಪಡಿಸುವುದೇ ಕಳೆದ ಐದು ದಶಕಗಳಲ್ಲಿ ಅನೇಕ ವಿಶ್ವವಿದ್ಯಾಲಯಗಳಲ್ಲಿ ನಡೆದಿರುವ ಡಾಕ್ಟರೇಟ್ ಸಂಶೋಧನೆಗಳ ಉದ್ದೇಶವಾಗಿದೆ. ಅವುಗಳ ಮುಖ್ಯ ವಿಚಾರವನ್ನು ಸಂಗ್ರಹವಾಗಿ ನಿರೂಪಿಸುವುದು ಪ್ರಸ್ತುತ ಲೇಖನದ ಉದ್ದೇಶ. ನಿದರ್ಶನಗಳನ್ನು ಹೆಚ್ಚಾಗಿ ನೆದರ್ಲೆಂಡ್ಸ್ ಮತ್ತು ಉತ್ತರ ಸಮುದ್ರ ಪ್ರದೇಶದ ರೋಟ್‌ಲೀಗೆಂಡ್ ಮರಳುಗಲ್ಲಿನಿಂದ ಆರಿಸಿಕೊಳ್ಳಲಾಗಿದೆ. ಏಕೆಂದರೆ ಇಷ್ಟು ವಿವರವಾಗಿ ಪರೀಕ್ಷಿಸಲ್ಪಟ್ಟಿರುವ ಅನಿಲಶಿಲೆಗಳು ವಿರಳ.

೨. ಮರಳುಗಲ್ಲಿನ ಘಟಕಗಳು

ಮರಳುಗಲ್ಲಿನ ತೆಳುಕೊಯ್ತವೊಂದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಮೂರು ಬಗೆಯ ಘಟಕಗಳು ಗೋಚರಿಸುತ್ತವೆ. ಮೊದಲನೆಯದು ಕಲ್ಲಿನ ಹಂದರವಾಗಿರುವ ಕಣಗಳು. ಇವು ಮುಖ್ಯವಾಗಿ ಕ್ವಾರ್ಟ್ಸ್, ಫೆಲ್ಡ್‌ಸ್ಪಾರ್ ಮತ್ತು ಹಳೆಯ ಶಿಲೆಗಳ ಚೂರುಗಳು. ಎರಡನೆಯದು ಮರಳಿನೊಡನೆಯೇ ಬಂದು ಕಣಗಳ ನಡುವೆ ಸೇರಿಕೊಂಡ ನುಣುಪಾದ ಮಣ್ಣು. ಮೂರನೆಯದು ಮರಳು ಹೂತುಹೋದ ಅನಂತರ ನೆಲದೊಳಗಿನ ನೀರಿನಿಂದ ಅಲ್ಲಿಯೇ ಹರಳುಗಟ್ಟಿದ ದ್ರವ್ಯ. ಕಣಗಳನ್ನು ಒಂದಕ್ಕೊಂದು ಬೆಸೆಯುವ ಸಿಲಿಕ, ಕ್ಯಾಲ್ಸೈಟ್, ಡಾಲಮೈಟ್, ಆನ್‌ಹೈಡ್ರೈಟ್ ಮೊದಲಾದ ಬಂಧಕಗಳೂ, ಅಲ್ಲಿಯೇ ಹುಟ್ಟಿ ಬೆಳೆದ ಜೇಡಿ ಖನಿಜಗಳೂ ಈ ವರ್ಗಕ್ಕೆ ಸೇರುತ್ತವೆ. ಈ ಮೂರೂ ಆಕ್ರಮಿಸದೆ ಬಿಟ್ಟ ಎಡೆಯೇ ರಂಧ್ರ.

ಬಂಧಕದ ಪ್ರಭಾವ ಎಷ್ಟೆಂಬುದನ್ನು ನಮ್ಮ ವಿದ್ಯಾರ್ಥಿಗಳು ಬಾದಾಮಿಯ ಮರಳುಗಲ್ಲಿನಲ್ಲಿಯೇ ಕಾಣಬಹುದು. ಗುಹಾಲಯಗಳನ್ನು ಕೊರೆಯಲು ಒದಗಿದ ಆ ಕಲ್ಲು ಬಹುಮಟ್ಟಿಗೆ ಕ್ವಾರ್ಟ್ಸ್ ಕಣಗಳಿಂದಲೇ ಆದುದು. ಆ ಕಣಗಳು ಒಂದು ಕಾಲದಲ್ಲಿ ನದೀಪಾತ್ರದ ಸಡಿಲ ಮರಳಿನಂತೆ ಇದ್ದಿರಬೇಕು. ಈಗ ಅನೇಕ ಸ್ತರಗಳಲ್ಲಿ ಸಿಲಿಕವು ಕಣಗಳ ಸುತ್ತ ಬೆಳೆದು ಎಡೆಗಳನ್ನು ತುಂಬಿರುವುದರಿಂದ ಕಲ್ಲು ಗಡುಸಾಗಿದೆ. ಸಡಿಲವಾದ ಮರಳಿನಲ್ಲಿ ತೆರಪು ನೂರಕ್ಕೆ ಸುಮಾರು ೪೦ ಪಾಲು ಇರುತ್ತದೆ. ಮೇಲಿನ ಪದರಗಳ ಭಾರದಿಂದ ಕಣಗಳು ಒತ್ತಾಗಿ ಜೋಡಣೆಗೊಂಡಾಗ ಇದರಲ್ಲಿ ಸ್ವಲ್ಪ ಅಂಶ ಕಳೆಯುತ್ತದೆ. ಉಷ್ಣತೆ ಸುಮಾರು ೭೦–೮೦ ಡಿಗ್ರಿ ಸೆಂಟಿಗ್ರೇಡನ್ನು ಮೀರಿದ ಮೇಲೆ ಕ್ವಾರ್ಟ್ಸ್ ಬಂಧಕದ ಬೆಳವಣಿಗೆ ಗಣನೀಯವಾಗಿ ಮತ್ತಷ್ಟು ಅಂಶ ಕಳೆಯುತ್ತದೆ.

ಫೆಲ್ಡ್‌ಸ್ಪಾರಿನ ಪಾತ್ರ ಇನ್ನೂ ಸ್ವಾರಸ್ಯವಾದುದು. ಕ್ವಾರ್ಟ್ಸಿನಂತೆ ಅದು ನಿರ್ಲಿಪ್ತ ಖನಿಜವಲ್ಲ. ಆಮ್ಲಾಂಶವುಳ್ಳ ನೀರು ಸಂಪರ್ಕಿಸಿದಾಗ ಅದು ಕರಗಿ, ತಾನಿದ್ದ ಕಡೆ ಹೊಸ ರಂಧ್ರವನ್ನು ಬಿಡುತ್ತದೆ. ಕರಗಿದ ಅಲ್ಯೂಮಿನಿಯಂ ಮತ್ತು ಸಿಲಿಕ ಸಮೀಪದಲ್ಲಿಯೇ ಕೆಯೊಲಿನೈಟ್ ಎಂಬ ಜೇಡಿಯಾಗಿ ಕೂಡುತ್ತವೆ. ಆಳವೂ ಉಷ್ಣತೆಯೂ ಹೆಚ್ಚಿದಾಗ ಪೊಟ್ಯಾಸಿಯಂ ಫೆಲ್ಡ್‌ಸ್ಪಾರ್ ಮತ್ತು ಕೆಯೊಲಿನೈಟುಗಳು ಪರಸ್ಪರ ವರ್ತಿಸಿ ಇಲೈಟ್ ಎಂಬ ಮತ್ತೊಂದು ಜೇಡಿಯನ್ನೂ ಕ್ವಾರ್ಟ್ಸನ್ನೂ ಉಂಟುಮಾಡುತ್ತವೆ. ಹೀಗೆ ಫೆಲ್ಡ್‌ಸ್ಪಾರ್ ಒಂದು ಕೈಯಿಂದ ತೆರಪನ್ನು ಕೊಟ್ಟು ಇನ್ನೊಂದು ಕೈಯಿಂದ ಕಸಿದುಕೊಳ್ಳುತ್ತದೆ. ಮರಳು ಯಾವ ಬೆಟ್ಟದಿಂದ ಸವೆದು ಬಂದಿತು, ಅದರಲ್ಲಿ ಫೆಲ್ಡ್‌ಸ್ಪಾರಿನ ಅಂಶ ಎಷ್ಟಿತ್ತು ಎಂಬ ಪ್ರಶ್ನೆ ಆದಕಾರಣ ಕೋಟ್ಯಂತರ ವರ್ಷಗಳ ಅನಂತರದ ಅನಿಲದ ಹರಿವಿಗೂ ಸಂಬಂಧಿಸಿದೆ.

೩. ರಂಧ್ರತೆ ಮತ್ತು ಪ್ರವೇಶ್ಯತೆ

ಕಲ್ಲಿನ ಒಟ್ಟು ಗಾತ್ರದಲ್ಲಿ ತೆರಪಿನ ಪಾಲನ್ನು ರಂಧ್ರತೆ ಎಂದೂ, ಆ ತೆರಪುಗಳ ಮೂಲಕ ದ್ರವ ಅಥವಾ ಅನಿಲವು ಹರಿಯಲು ಕಲ್ಲು ಕೊಡುವ ಅವಕಾಶವನ್ನು ಪ್ರವೇಶ್ಯತೆ ಎಂದೂ ಕರೆಯುತ್ತೇವೆ. ಫ್ರಾನ್ಸಿನ ದಿಜೋನ್ ನಗರದ ನೀರು ಸರಬರಾಜಿಗೆ ಸಂಬಂಧಿಸಿ ಹೆನ್ರಿ ಡಾರ್ಸಿ ಎಂಬ ಎಂಜಿನಿಯರು ಮರಳಿನ ಮೂಲಕ ನೀರು ಹರಿಸಿ ನಡೆಸಿದ ಪ್ರಯೋಗಗಳು ೧೮೫೬ರಲ್ಲಿ ಪ್ರಕಟವಾದವು. ಪ್ರವೇಶ್ಯತೆಯ ಏಕಮಾನಕ್ಕೆ ಅವನ ಹೆಸರೇ ನಿಂತಿದೆ. ಒಂದು ಡಾರ್ಸಿಯ ಸಾವಿರದ ಒಂದು ಪಾಲೇ ಮಿಲಿಡಾರ್ಸಿ. ಒಳ್ಳೆಯ ಅನಿಲಶಿಲೆಯ ಪ್ರವೇಶ್ಯತೆ ನೂರಾರು ಮಿಲಿಡಾರ್ಸಿಗಳಷ್ಟಿರಬಹುದು, ೦.೧ ಮಿಲಿಡಾರ್ಸಿಗಿಂತ ಕಡಮೆಯಿದ್ದರೆ ಅದನ್ನು ಬಿಗಿಯಾದ ಅನಿಲಶಿಲೆಯೆಂದು ಪರಿಗಣಿಸುವುದು ವಾಡಿಕೆ.

ರಂಧ್ರತೆ ತೆರಪಿನ ಮೊತ್ತವನ್ನು ಹೇಳುತ್ತದೆ. ಪ್ರವೇಶ್ಯತೆಯಾದರೋ ತೆರಪಿನಿಂದ ತೆರಪಿಗೆ ಹೋಗುವ ಇಕ್ಕಟ್ಟಾದ ಕಂಠಗಳ ಅಗಲವನ್ನೂ, ಹರಿವಿಗೆ ತಾಗುವ ಗೋಡೆಗಳ ವಿಸ್ತಾರವನ್ನೂ ಅವಲಂಬಿಸಿದೆ. ಕಂಠದ ಅಗಲ ಅರ್ಧವಾದರೆ ಪ್ರವೇಶ್ಯತೆ ಸುಮಾರು ಕಾಲುಭಾಗಕ್ಕೆ ಇಳಿಯುತ್ತದೆ. ಗೋಡೆಯ ವಿಸ್ತಾರದಲ್ಲಿ ಜೇಡಿಯ ಪಾತ್ರವನ್ನು ಒಂದು ಸರಳ ಲೆಕ್ಕದಿಂದ ತಿಳಿಯಬಹುದು. ೦.೨ ಮಿಲಿಮೀಟರ್ ವ್ಯಾಸವುಳ್ಳ ಗೋಳಾಕಾರದ ಕ್ವಾರ್ಟ್ಸ್ ಕಣಗಳನ್ನು ಒಂದು ಗ್ರಾಂ ತೆಗೆದುಕೊಂಡರೆ ಅವುಗಳ ಒಟ್ಟು ಮೇಲ್ಮೈ ಸುಮಾರು ೧೧೩ ಚದರ ಸೆಂಟಿಮೀಟರ್, ಎಂದರೆ ಒಂದು ಅಂಗೈಯಷ್ಟು. ಇಲೈಟಿನ ಒಂದು ಗ್ರಾಮಿಗೆ ೫೦ ಚದರ ಮೀಟರ್ ಎಂದು ಮಿತವಾಗಿಯೇ ಎಣಿಸೋಣ. ಆ ಮರಳಿಗೆ ತೂಕದಲ್ಲಿ ನೂರಕ್ಕೆ ೫ ಪಾಲು ಇಲೈಟ್ ಕೂಡಿದರೆ, ಅದರಿಂದಲೇ ಪ್ರತಿ ಗ್ರಾಮಿಗೆ ೨.೫ ಚದರ ಮೀಟರ್ ಮೇಲ್ಮೈ ಒದಗುತ್ತದೆ. ಇದು ಮರಳಿನ ಸ್ವಂತ ಮೇಲ್ಮೈಗಿಂತ ಸುಮಾರು ೨೨೦ ಪಟ್ಟು ಹೆಚ್ಚು. ತೂಕದಲ್ಲಿ ಇಪ್ಪತ್ತನೆಯ ಒಂದು ಪಾಲಾದ ಖನಿಜವು ಮೇಲ್ಮೈಯಲ್ಲಿ ಹೆಚ್ಚು ಕಡಮೆ ಸರ್ವಸ್ವವೂ ಆಗಿಬಿಡುತ್ತದೆ. ಹರಿಯುವ ಅನಿಲಕ್ಕೆ ತಾಗುವುದು ಈ ಮೇಲ್ಮೈ.

ಇದಕ್ಕೆ ಸೇರಿದಂತೆ ನೀರಿನ ವಿಚಾರವೂ ಇದೆ. ಅನಿಲ ಬರುವುದಕ್ಕೆ ಮುಂಚೆ ರಂಧ್ರಗಳಲ್ಲೆಲ್ಲಾ ಉಪ್ಪುನೀರು ತುಂಬಿರುತ್ತದೆ. ಅನಿಲವು ಆ ನೀರನ್ನು ತಳ್ಳಿ ಒಳಗೆ ಪ್ರವೇಶಿಸಬೇಕಾದರೆ ಲೋಮನಾಳ ಒತ್ತಡವನ್ನು ಮೀರಬೇಕು. ನೀರು ಮತ್ತು ಅನಿಲಗಳ ನಡುವಣ ಮೇಲ್ಮೈ ಎಳೆತವು ಮೀಟರಿಗೆ ೦.೦೫ ನ್ಯೂಟನ್ ಎಂದಿಟ್ಟುಕೊಂಡರೆ, ಒಂದು ಮೈಕ್ರೋಮೀಟರ್ ತ್ರಿಜ್ಯದ ಕಂಠವನ್ನು ಹೊಗಲು ಸುಮಾರು ಒಂದು ವಾತಾವರಣದಷ್ಟು ಒತ್ತಡ ಬೇಕು. ತ್ರಿಜ್ಯ ಹತ್ತರಲ್ಲಿ ಒಂದು ಪಾಲಾದರೆ ಹತ್ತು ವಾತಾವರಣ ಬೇಕು. ನೂರು ಮೀಟರ್ ಎತ್ತರದ ಅನಿಲಸ್ತಂಭವು ತನ್ನ ಹಗುರತನದಿಂದ ಕೊಡಬಲ್ಲ ಒತ್ತಡ ಎಂಟು ಒಂಬತ್ತು ವಾತಾವರಣಗಳನ್ನು ಮೀರುವುದಿಲ್ಲ. ಆದುದರಿಂದ ಜೇಡಿಯ ಹರಳುಗಳ ನಡುವಣ ಅತಿಸೂಕ್ಷ್ಮ ಎಡೆಗಳು ನೀರಿನಿಂದಲೇ ತುಂಬಿ ಉಳಿಯುತ್ತವೆ. ಅಳತೆಯಲ್ಲಿ ಅವೂ ರಂಧ್ರತೆಯೊಳಗೆ ಸೇರುತ್ತವೆ. ಅನಿಲದ ದಾಸ್ತಾನಿಗೆ ಮಾತ್ರ ಅವು ಒದಗುವುದಿಲ್ಲ.

೪. ಜೇಡಿ ಖನಿಜಗಳ ರೂಪಭೇದ

ಜೇಡಿ ಎಂಬ ಒಂದೇ ಮಾತಿನಿಂದ ಕರೆಯಲ್ಪಡುವ ಖನಿಜಗಳು ರಂಧ್ರದೊಳಗೆ ವರ್ತಿಸುವ ರೀತಿ ಒಂದೇ ಅಲ್ಲ.

ಕೆಯೊಲಿನೈಟ್ ಆರುಮೂಲೆಯ ಬಿಲ್ಲೆಗಳಾಗಿ, ಪುಸ್ತಕದ ಹಾಳೆಗಳಂತೆ ಒಂದರ ಮೇಲೊಂದು ಪೇರಿಸಿಕೊಂಡಿರುತ್ತದೆ. ಅದು ರಂಧ್ರದ ಒಂದು ಭಾಗವನ್ನು ತುಂಬುತ್ತದೆಯೇ ಹೊರತು ಕಂಠಗಳಿಗೆ ಅಷ್ಟಾಗಿ ಅಡ್ಡಬರುವುದಿಲ್ಲ. ಆದರೆ ಬಾವಿಯ ಸಮೀಪದಲ್ಲಿ ಹರಿವು ರಭಸವಾದಾಗ ಬಿಲ್ಲೆಗಳು ಕಳಚಿ ತೇಲಿಹೋಗಿ ಮುಂದಿನ ಕಂಠಕ್ಕೆ ಬಿರಡೆಯಾಗುವುದುಂಟು.

ಕ್ಲೋರೈಟ್ ಕಣಗಳ ಮೈಗೆ ತೆಳುವಾದ ಹೊದಿಕೆಯಾಗಿ ಬೆಳೆಯುತ್ತದೆ. ಈ ಹೊದಿಕೆಯಿರುವ ಕಡೆ ಕ್ವಾರ್ಟ್ಸ್ ಕಣದ ಮೇಲೆ ಹೊಸ ಕ್ವಾರ್ಟ್ಸ್ ಹತ್ತಲು ನೆಲೆ ದೊರೆಯುವುದಿಲ್ಲ. ಆದಕಾರಣ ತೆರಪು ಮುಚ್ಚಿಹೋಗದೆ ಉಳಿಯುತ್ತದೆ. ಅಮೆರಿಕದ ಲೂಯಿಸಿಯಾನದ ಟಸ್ಕಲೂಸ ಮರಳುಗಲ್ಲಿನಲ್ಲಿ ಸುಮಾರು ೬ ಕಿಲೋಮೀಟರ್ ಆಳದಲ್ಲಿಯೂ ನೂರಕ್ಕೆ ೨೦ನ್ನು ಮೀರಿದ ರಂಧ್ರತೆ ಉಳಿದಿರುವುದಕ್ಕೆ ಇದೇ ಕಾರಣವೆಂದು ಸಂಶೋಧಕರು ತೋರಿಸಿದ್ದಾರೆ. ಇಲ್ಲಿ ಜೇಡಿಯು ಉಪಕಾರಿ. ಆದರೆ ಬಾವಿಯನ್ನು ಶುದ್ಧಿಗೊಳಿಸಲು ಹೈಡ್ರೊಕ್ಲೋರಿಕ್ ಆಮ್ಲವನ್ನು ಹಾಯಿಸಿದರೆ ಅದೇ ಕ್ಲೋರೈಟಿನಿಂದ ಕಬ್ಬಿಣವು ಕರಗಿ, ಅನಂತರ ಲೋಳೆಯಂಥ ಹೈಡ್ರಾಕ್ಸೈಡಾಗಿ ತಂಗಿ ರಂಧ್ರಗಳನ್ನು ಮುಚ್ಚಬಲ್ಲದು. ಹಾಗೆಯೇ ಸ್ಮೆಕ್ಟೈಟ್ ಎಂಬ ಜೇಡಿಯು ಸಿಹಿನೀರು ತಾಗಿದರೆ ಉಬ್ಬುತ್ತದೆ. ಕಲ್ಲಿನ ಖನಿಜವನ್ನು ಅರಿಯದೆ ಬಾವಿಗೆ ಚಿಕಿತ್ಸೆ ಮಾಡುವುದು ನಾಡಿ ನೋಡದೆ ಮದ್ದು ಕೊಟ್ಟಂತೆ.

ಇಲೈಟ್ ಇವೆಲ್ಲಕ್ಕಿಂತ ತೊಡಕಿನದು. ಅದು ಕಣದ ಮೈಯಿಂದ ಹೊರಟು ರಂಧ್ರದ ನಡುವಿಗೆ ಚಾಚುವ ಕೂದಲಿನಂಥ ನಾರುಗಳಾಗಿ ಬೆಳೆಯುತ್ತದೆ. ನಾರುಗಳು ಎದುರಿನ ಕಣವನ್ನು ಮುಟ್ಟಿ ಸೇತುವೆಗಟ್ಟುತ್ತವೆ. ಒಂದು ರಂಧ್ರವು ನೂರಾರು ಕಿರುರಂಧ್ರಗಳಾಗಿ ಒಡೆದುಹೋಗುತ್ತದೆ. ರೋಟ್‌ಲೀಗೆಂಡ್ ಮರಳುಗಲ್ಲಿನ ಕೆಲವು ಭಾಗಗಳಲ್ಲಿ ಕೆಯೊಲಿನೈಟ್ ಮುಖ್ಯವಾಗಿಯೂ, ಮತ್ತೆ ಕೆಲವು ಭಾಗಗಳಲ್ಲಿ ನಾರಿನ ಇಲೈಟ್ ಮುಖ್ಯವಾಗಿಯೂ ಇದೆ. ಇವೆರಡರಲ್ಲಿ ರಂಧ್ರತೆ ಸಮವಾಗಿದ್ದರೂ ಪ್ರವೇಶ್ಯತೆ ಹತ್ತಾರು ಪಟ್ಟು, ಕೆಲವೆಡೆ ನೂರು ಪಟ್ಟು ಭಿನ್ನವಾಗಿರುವುದು ೧೯೭೦ರ ದಶಕದಲ್ಲಿಯೇ ಗಮನಕ್ಕೆ ಬಂದಿತು. ಜೇಡಿಯ ಒಟ್ಟು ಪ್ರಮಾಣವೊಂದನ್ನೇ ಅಳೆದಿದ್ದರೆ ಈ ಭೇದ ತಿಳಿಯುತ್ತಿರಲಿಲ್ಲ. ಅದನ್ನು ಕಣ್ಣಿಗೆ ಕಾಣುವಂತೆ ಮಾಡಿದ್ದು ಎಲೆಕ್ಟ್ರಾನ್ ಸೂಕ್ಷ್ಮದರ್ಶಕ.

ಇಲ್ಲಿ ಪ್ರಯೋಗಶಾಲೆಯ ಒಂದು ಎಚ್ಚರಿಕೆಯ ಮಾತನ್ನು ಹೇಳುವುದು ಅವಶ್ಯಕ. ಕೊರೆದು ತೆಗೆದ ಕಲ್ಲಿನ ತುಂಡನ್ನು ತೊಳೆದು, ಬಿಸಿಗಾಳಿಯಲ್ಲಿ ಒಣಗಿಸಿ, ಪ್ರವೇಶ್ಯತೆಯನ್ನು ಅಳೆಯುವುದು ಬಹುಕಾಲದಿಂದ ನಡೆದುಬಂದ ಕ್ರಮ. ಕೆರೆಯ ನೀರಿನಲ್ಲಿ ಹರಡಿ ನಿಂತಿರುವ ಪಾಚಿಯು ನೀರು ಬತ್ತಿದೊಡನೆ ಕಲ್ಲಿಗೆ ಅಂಟಿಕೊಳ್ಳುವಂತೆ, ಒಣಗಿಸುವಾಗ ಇಲೈಟಿನ ನಾರುಗಳು ನೀರಿನ ಮೇಲ್ಮೈ ಎಳೆತಕ್ಕೆ ಸಿಕ್ಕಿ ಕಣಗಳ ಮೈಗೆ ಮಡಚಿಕೊಳ್ಳುತ್ತವೆ. ಆಗ ಮುಚ್ಚಿದ್ದ ದಾರಿ ತೆರೆದುಕೊಳ್ಳುತ್ತದೆ. ಅಳತೆ ನೆಲದೊಳಗಿನ ನಿಜಸ್ಥಿತಿಗಿಂತ ಹಲವು ಪಟ್ಟು ಹೆಚ್ಚಾಗಿ ಬರುತ್ತದೆ. ೧೯೮೦ರ ದಶಕದ ಮೊದಲ ವರ್ಷಗಳಲ್ಲಿ ಉತ್ತರ ಸಮುದ್ರದ ಮ್ಯಾಗ್ನಸ್ ತೈಲಕ್ಷೇತ್ರದ ಕಲ್ಲಿನ ಮೇಲೆ ನಡೆದ ಪರೀಕ್ಷೆಗಳು ಇದನ್ನು ಸ್ಪಷ್ಟಪಡಿಸಿದವು. ದ್ರವವೂ ಅನಿಲವೂ ಭೇದವಿಲ್ಲದೆ ಒಂದಾಗುವ ಉಷ್ಣತೆ ಮತ್ತು ಒತ್ತಡಗಳನ್ನು ದಾಟಿಸಿ ಒಣಗಿಸಿದರೆ ನಾರುಗಳು ಇದ್ದಂತೆಯೇ ನಿಲ್ಲುತ್ತವೆ. ಒಂದೇ ಕಲ್ಲು, ಒಂದೇ ಉಪಕರಣ. ಒಣಗಿಸಿದ ಕ್ರಮ ಬೇರೆಯಾದ ಮಾತ್ರಕ್ಕೆ ಫಲಿತಾಂಶ ಬೇರೆ. ಇಂಥ ಅಂಕಿಗಳನ್ನು ನಂಬಿ ಬಾವಿಗಳ ಸಂಖ್ಯೆಯನ್ನೂ ಉತ್ಪತ್ತಿಯನ್ನೂ ನಿಶ್ಚಯಿಸಿದರೆ ಆಗುವ ನಷ್ಟವನ್ನು ಊಹಿಸಬಹುದು.

ವಿದ್ಯುತ್ ಪರೀಕ್ಷೆಯಲ್ಲಿಯೂ ಇದೇ ತೊಡಕುಂಟು. ಅನಿಲವು ವಿದ್ಯುತ್ತನ್ನು ಹರಿಯಗೊಡುವುದಿಲ್ಲ, ಉಪ್ಪುನೀರು ಹರಿಯಗೊಡುತ್ತದೆ. ಈ ತತ್ತ್ವವನ್ನಾಧರಿಸಿ ಆರ್ಚಿ ಎಂಬ ವಿಜ್ಞಾನಿ ೧೯೪೨ರಲ್ಲಿ ಕೊಟ್ಟ ಸೂತ್ರದಿಂದ ಬಾವಿಯ ವಿದ್ಯುದ್ರೋಧವನ್ನು ಅಳೆದು ಅನಿಲದ ಪಾಲನ್ನು ಗಣಿಸುತ್ತಾರೆ. ಆದರೆ ಸೂತ್ರವು ಹೊಂದುವುದು ಜೇಡಿಯಿಲ್ಲದ ಶುದ್ಧ ಮರಳುಗಲ್ಲಿಗೆ. ಜೇಡಿಯೂ ಅದರಲ್ಲಿ ಸಿಕ್ಕಿದ ನೀರೂ ವಿದ್ಯುತ್ತಿಗೆ ದಾರಿ ಕೊಡುವುದರಿಂದ, ಅನಿಲವಿರುವ ಪದರವೂ ನೀರಿನ ಪದರದಂತೆ ತೋರಿ ತಿರಸ್ಕೃತವಾಗಬಹುದು.

೫. ಗ್ರೋನಿಂಗೆನ್ ಅನಿಲಕ್ಷೇತ್ರ

ಇದುವರೆಗೆ ಹೇಳಿದ್ದು ಅನಿಲದ ಹರಿವಿಗೆ ಸಂಬಂಧಿಸಿದ ಮಾತು. ಅನಿಲವು ಸರಾಗವಾಗಿ ಹರಿದುಬಂದ ಮೇಲೆ ಕಲ್ಲಿಗೆ ಏನಾಗುತ್ತದೆ ಎಂಬುದು ಎರಡನೆಯ ಪ್ರಶ್ನೆ. ಇದಕ್ಕೆ ನೆದರ್ಲೆಂಡ್ಸಿನ ಈಶಾನ್ಯ ಭಾಗದಲ್ಲಿರುವ ಗ್ರೋನಿಂಗೆನ್ ಕ್ಷೇತ್ರಕ್ಕಿಂತ ದೊಡ್ಡ ನಿದರ್ಶನವಿಲ್ಲ.

ಈ ಕ್ಷೇತ್ರವು ೧೯೫೯ರಲ್ಲಿ ಸ್ಲೋಖ್ಟರೆನ್ ಎಂಬ ಊರಿನ ಬಳಿ ಕೊರೆದ ಬಾವಿಯಿಂದ ಬೆಳಕಿಗೆ ಬಂದು, ೧೯೬೩ರಲ್ಲಿ ಉತ್ಪಾದನೆಯನ್ನಾರಂಭಿಸಿತು. ಸುಮಾರು ೯೦೦ ಚದರ ಕಿಲೋಮೀಟರ್ ವಿಸ್ತಾರದಲ್ಲಿ, ಸುಮಾರು ೩ ಕಿಲೋಮೀಟರ್ ಆಳದಲ್ಲಿ ೨,೮೦೦ ಶತಕೋಟಿ ಘನಮೀಟರಿಗೂ ಮಿಕ್ಕ ಅನಿಲವಿದ್ದ ಈ ಕ್ಷೇತ್ರ ಪಶ್ಚಿಮ ಯೂರೋಪಿನಲ್ಲಿಯೇ ಅತ್ಯಂತ ದೊಡ್ಡದು. ಅನಿಲದ ತವರು ಕೆಳಗಿರುವ ಕಾರ್ಬೊನಿಫೆರಸ್ ಯುಗದ ಕಲ್ಲಿದ್ದಲಿನ ಸ್ತರಗಳು. ಅದನ್ನು ಹಿಡಿದಿರುವುದು ಪರ್ಮಿಯನ್ ಯುಗದ ರೋಟ್‌ಲೀಗೆಂಡ್ ಮರಳುಗಲ್ಲು. ಮರುಭೂಮಿಯೊಂದರ ಮರಳುದಿಬ್ಬಗಳಿಂದಲೂ, ಮಳೆ ಬಂದಾಗ ಮಾತ್ರ ಹರಿಯುವ ಹಳ್ಳಗಳಿಂದಲೂ ಅದು ಸಂಚಿತವಾಯಿತು. ಮೇಲಿನ ಮುಚ್ಚಳ ಜೆಕ್‌ಸ್ಟೈನ್ ಉಪ್ಪಿನ ದಪ್ಪನಾದ ಸ್ತರ. ಮರಳುಗಲ್ಲಿನಲ್ಲಿ ಕ್ವಾರ್ಟ್ಸ್ ಮುಕ್ಕಾಲು ಪಾಲಿನ ಆಸುಪಾಸಿನಿಂದ ಮೇಲ್ಪಟ್ಟೂ, ಫೆಲ್ಡ್‌ಸ್ಪಾರ್ ಅದರ ಅನಂತರವೂ, ಜೇಡಿಯು ನೂರಕ್ಕೆ ಕೆಲವೇ ಪಾಲಿನಷ್ಟೂ ಇದೆ. ರಂಧ್ರತೆಯೂ ಪ್ರವೇಶ್ಯತೆಯೂ ಉತ್ತಮವಾಗಿರುವುದರಿಂದ ಅನಿಲವು ಧಾರಾಳವಾಗಿ ಬಂದಿತು. ೧೯೭೬ರ ಒಂದೇ ವರ್ಷದಲ್ಲಿ ಸುಮಾರು ೮೮ ಶತಕೋಟಿ ಘನಮೀಟರ್ ಅನಿಲವನ್ನು ತೆಗೆಯಲಾಯಿತು.

ಆದರೆ ಅನಿಲವೂ ಕಲ್ಲಿನೊಳಗೆ ಭಾರ ಹೊರುವ ಕೆಲಸವನ್ನು ಮಾಡುತ್ತಿರುತ್ತದೆ. ಮೂರು ಕಿಲೋಮೀಟರ್ ದಪ್ಪದ ಮೇಲಿನ ಶಿಲೆಗಳ ಒತ್ತಡ ಸುಮಾರು ೬೫೦ ವಾತಾವರಣ. ಪ್ರಾರಂಭದಲ್ಲಿ ರಂಧ್ರಗಳೊಳಗಿನ ಅನಿಲದ ಒತ್ತಡ ಸುಮಾರು ೩೫೦ ವಾತಾವರಣವಿದ್ದುದರಿಂದ, ಕಣಗಳ ಹಂದರಕ್ಕೆ ಬೀಳುತ್ತಿದ್ದ ಪಾಲು ಸುಮಾರು ೩೦೦ ಮಾತ್ರ. ಅನಿಲದ ಒತ್ತಡ ೧೦೦ಕ್ಕಿಂತ ಕೆಳಗಿಳಿದಾಗ ಕಣಗಳ ಪಾಲಿನ ಹೊರೆ ೫೫೦ನ್ನು ಮೀರಿತು. ಇಬ್ಬರು ಹೊತ್ತಿದ್ದ ಅಡ್ಡೆಯಿಂದ ಒಬ್ಬನು ಹೆಗಲು ಜಾರಿಸಿದಂತೆ ಆಯಿತು. ಕಲ್ಲು ಕುಗ್ಗಿತು. ಕುಗ್ಗುವಿಕೆ ಸಾವಿರಕ್ಕೆ ಒಂದೂವರೆ ಪಾಲಷ್ಟೇ ಆದರೂ, ೨೦೦ ಮೀಟರ್ ದಪ್ಪದ ಸ್ತರದಲ್ಲಿ ಅದು ೩೦ ಸೆಂಟಿಮೀಟರ್ ಆಗುತ್ತದೆ. ಕ್ಷೇತ್ರದ ನಡುಭಾಗದಲ್ಲಿ ನೆಲವು ೩೦ ಸೆಂಟಿಮೀಟರಿಗಿಂತ ಹೆಚ್ಚಾಗಿಯೇ ಇಳಿದಿದೆ. ಸಮುದ್ರಮಟ್ಟಕ್ಕಿಂತ ತಗ್ಗಾದ ಭೂಮಿಯನ್ನು ಕಟ್ಟೆ ಕಾಲುವೆಗಳಿಂದ ಕಾಪಾಡಿಕೊಂಡು ಬಂದಿರುವ ಆ ದೇಶದಲ್ಲಿ ಇದು ಅಲ್ಪ ವಿಷಯವಲ್ಲ.

ಇದಕ್ಕಿಂತಲೂ ಕಠಿಣವಾದ ಪರಿಣಾಮ ಭೂಕಂಪ. ಕ್ಷೇತ್ರವನ್ನು ಅನೇಕ ಸ್ತರಭಂಗಗಳು ಸೀಳಿವೆ. ಅವುಗಳ ಎರಡು ಪಕ್ಕಗಳಲ್ಲಿ ಕಲ್ಲು ಅಸಮವಾಗಿ ಕುಗ್ಗಿದಾಗ ಭಂಗದ ಮೇಲೆ ಎಳೆತ ಬೆಳೆದು, ಒಮ್ಮೆಲೇ ಜಾರಿಕೆಯುಂಟಾಗುತ್ತದೆ. ಈ ಕ್ಷೇತ್ರದಲ್ಲಿ ೧೯೯೧ರಿಂದ ಕಂಪನಗಳು ದಾಖಲಾದವು. ೨೦೧೨ರ ಆಗಸ್ಟ್ ೧೬ರಂದು ಹೌಜಿಂಗೆ ಎಂಬ ಹಳ್ಳಿಯ ಬಳಿ ೩.೬ ಪರಿಮಾಣದ ಕಂಪನವಾಯಿತು. ಅಂಕಿ ಚಿಕ್ಕದಾಗಿ ತೋರಿದರೂ, ಭೂಕಂಪದ ಕೇಂದ್ರ ಕೇವಲ ಮೂರು ಕಿಲೋಮೀಟರ್ ಆಳದಲ್ಲಿದ್ದು, ಮೇಲ್ಪದರ ಮೆದುಮಣ್ಣಾಗಿ, ಮನೆಗಳು ಭೂಕಂಪವನ್ನು ಎಣಿಸದೆ ಕಟ್ಟಿದ ಇಟ್ಟಿಗೆಯ ಮನೆಗಳಾಗಿದ್ದುದರಿಂದ ಸಾವಿರಾರು ಮನೆಗಳು ಬಿರುಕುಬಿಟ್ಟವು. ಜನರ ನೆಮ್ಮದಿ ಕೆಟ್ಟಿತು. ಉತ್ಪಾದನೆಯನ್ನು ಹಂತಹಂತವಾಗಿ ಇಳಿಸಿ, ೨೦೨೩ರ ಅಕ್ಟೋಬರ್ ೧ರಂದು ನಿಲ್ಲಿಸಲಾಯಿತು. ೨೦೨೪ರ ಏಪ್ರಿಲಿನಲ್ಲಿ ಕಾನೂನಿನ ಮೂಲಕ ಕ್ಷೇತ್ರವನ್ನು ಶಾಶ್ವತವಾಗಿ ಮುಚ್ಚಲಾಯಿತು. ನೂರಾರು ಶತಕೋಟಿ ಘನಮೀಟರ್ ಅನಿಲ ಇನ್ನೂ ನೆಲದೊಳಗೆ ಉಳಿದಿದೆ.

೬. ಕಲ್ಲು ಕುಗ್ಗುವ ಬಗೆ

ಕಲ್ಲು ಎಷ್ಟು ಕುಗ್ಗುತ್ತದೆ ಎಂಬುದರಷ್ಟೇ ಮುಖ್ಯವಾದ ಪ್ರಶ್ನೆ, ಯಾವ ಬಗೆಯಲ್ಲಿ ಕುಗ್ಗುತ್ತದೆ ಎಂಬುದು. ಹೊರೆ ತೆಗೆದೊಡನೆ ಮೊದಲಿನ ಆಕಾರಕ್ಕೆ ಮರಳುವ ಕುಗ್ಗುವಿಕೆಗೆ ಸ್ಥಿತಿಸ್ಥಾಪಕ ವಿಕಾರವೆಂದು ಹೆಸರು. ಇದರಲ್ಲಿ ವ್ಯಯವಾದ ಶಕ್ತಿ ಬಿಗಿಹಿಡಿದ ಬಿಲ್ಲಿನಲ್ಲಿರುವಂತೆ ಕಲ್ಲಿನಲ್ಲಿಯೇ ಸಂಚಿತವಾಗಿದ್ದು, ಸ್ತರಭಂಗ ಜಾರಿದಾಗ ಕಂಪನವಾಗಿ ಹೊರಬರಬಹುದು. ಹಾಗಲ್ಲದೆ, ಹೊರೆ ತೆಗೆದರೂ ಮರಳದ ಶಾಶ್ವತ ವಿಕಾರದಲ್ಲಿ ಶಕ್ತಿಯ ಬಹುಭಾಗ ಕಣಗಳ ಉಜ್ಜುವಿಕೆಯಲ್ಲಿಯೂ ಬಿರಿಯುವಿಕೆಯಲ್ಲಿಯೂ ವ್ಯಯವಾಗಿ ಹೋಗುತ್ತದೆ. ಭೂಕಂಪದ ಮುನ್ಸೂಚನೆಯ ಲೆಕ್ಕದಲ್ಲಿ ಕಲ್ಲನ್ನು ಪೂರ್ಣವಾಗಿ ಸ್ಥಿತಿಸ್ಥಾಪಕವೆಂದು ಭಾವಿಸುವುದು ಸುಲಭ. ಆದರೆ ಅದು ಸರಿಯೇ?

ಉಟ್ರೆಕ್ಟ್ ವಿಶ್ವವಿದ್ಯಾಲಯದ ಪ್ರಯೋಗಶಾಲೆಯಲ್ಲಿ ೨೦೧೦ರ ದಶಕದಲ್ಲಿ ನಡೆದ ಸಂಶೋಧನೆಗಳು, ಅವುಗಳಲ್ಲಿ ಡಾಕ್ಟರೇಟ್ ಪ್ರಬಂಧಗಳೂ ಸೇರಿವೆ, ಈ ಪ್ರಶ್ನೆಯನ್ನು ಎತ್ತಿಕೊಂಡವು. ಗ್ರೋನಿಂಗೆನ್ ಕ್ಷೇತ್ರದಿಂದಲೇ ಕೊರೆದು ತೆಗೆದ ಕಲ್ಲಿನ ತುಂಡುಗಳನ್ನು ನೆಲದೊಳಗಿನ ಉಷ್ಣತೆ ಒತ್ತಡಗಳಿಗೆ ಒಳಪಡಿಸಿ, ಹೊರೆಯನ್ನು ಏರಿಸಿ ಇಳಿಸಿ, ಕುಗ್ಗುವಿಕೆಯನ್ನು ಅಳೆಯಲಾಯಿತು. ಒಟ್ಟು ವಿಕಾರದಲ್ಲಿ ನೂರಕ್ಕೆ ಸುಮಾರು ೩೦ರಿಂದ ೫೦ ಪಾಲು ಶಾಶ್ವತವಾದುದೆಂದು ಕಂಡುಬಂದಿತು. ಅಷ್ಟು ಅಲ್ಪ ಹೊರೆಯಲ್ಲಿ ಕಣಗಳು ಒಡೆಯುವುದೇ ಇದಕ್ಕೆ ಮುಖ್ಯ ಕಾರಣವಾಗಲಾರದು. ಕಣ ಕಣಗಳು ಕೂಡುವ ಸಂಧಿಗಳಲ್ಲಿ ಸಿಕ್ಕಿಕೊಂಡಿರುವ ಅತಿ ತೆಳುವಾದ ಜೇಡಿಯ ಪೊರೆಗಳು ಅಮುಕಿಕೊಳ್ಳುವುದೂ, ಆ ಪೊರೆಗಳ ಮೇಲೆ ಕಣಗಳು ಜಾರುವುದೂ ಕಾರಣವೆಂದು ಸಂಶೋಧಕರು ವಿವರಿಸಿದರು. ಮೊದಲು ಹೇಳಿದ ಮಾತೇ ಇಲ್ಲಿ ಇನ್ನೊಂದು ರೀತಿಯಲ್ಲಿ ಸ್ಥಿರಪಡುತ್ತದೆ. ರಂಧ್ರದೊಳಗೆ ಚಾಚಿದ ಜೇಡಿ ಹರಿವನ್ನು ತಡೆಯುತ್ತದೆ. ಕಣಸಂಧಿಯಲ್ಲಿರುವ ಜೇಡಿ ಕಲ್ಲಿನ ಬಲವನ್ನು ಬದಲಿಸುತ್ತದೆ. ಪ್ರಮಾಣ ಒಂದೇ ಇದ್ದರೂ ಸ್ಥಾನ ಬೇರೆಯಾದರೆ ಫಲವೂ ಬೇರೆ.

ಇದರಿಂದ ಎರಡು ಅನುಮಾನಗಳು ಹೊರಡುತ್ತವೆ. ಭೂಕಂಪಕ್ಕೆ ಒದಗಬಲ್ಲ ಶಕ್ತಿಯು ಪೂರ್ಣ ಸ್ಥಿತಿಸ್ಥಾಪಕ ಲೆಕ್ಕ ಹೇಳುವುದಕ್ಕಿಂತ ಕಡಮೆಯಿರಬಹುದು. ಇದು ಸಮಾಧಾನದ ಮಾತು. ಆದರೆ ಕುಗ್ಗಿದ ಕಲ್ಲಿಗೆ ಮತ್ತೆ ಒತ್ತಡವನ್ನು ತುಂಬಿದರೂ ಇಳಿದ ನೆಲ ಪೂರ್ತಿಯಾಗಿ ಮೇಲೇಳುವುದಿಲ್ಲ. ಉತ್ಪಾದನೆ ನಿಂತ ಮೇಲೂ ಕುಗ್ಗುವಿಕೆ ನಿಧಾನವಾಗಿ ಕೆಲಕಾಲ ಮುಂದುವರಿಯಬಹುದು. ಇದು ಎಚ್ಚರದ ಮಾತು.

೭. ಸಂಶೋಧನೆಯ ಕ್ರಮ

ಈ ವಿಷಯದಲ್ಲಿ ಡಾಕ್ಟರೇಟ್ ಪದವಿಗಾಗಿ ಕೆಲಸ ಮಾಡುವವನು ಅನುಸರಿಸುವ ಕ್ರಮವನ್ನು ಸ್ಥೂಲವಾಗಿ ತಿಳಿಸಬಹುದು. ಮೊದಲು ಬಾವಿಗಳಿಂದ ತೆಗೆದ ಕಲ್ಲಿನ ಸ್ತಂಭಗಳನ್ನು ಪರಿಶೀಲಿಸಿ, ಮರಳುದಿಬ್ಬ, ಹಳ್ಳ, ಸರೋವರದ ಅಂಚು ಎಂಬಂತೆ ಸಂಚಯದ ಪರಿಸರವನ್ನು ಗುರುತಿಸುತ್ತಾನೆ. ಅನಂತರ ತೆಳುಕೊಯ್ತಗಳನ್ನು ಮಾಡಿ, ಪ್ರತಿಯೊಂದರಲ್ಲಿಯೂ ಕೆಲವು ನೂರು ಬಿಂದುಗಳಲ್ಲಿ ಯಾವ ಖನಿಜವಿದೆ, ಎಲ್ಲಿ ತೆರಪಿದೆ ಎಂದು ಎಣಿಸುತ್ತಾನೆ. ಜೇಡಿಯ ಜಾತಿಯನ್ನು ಕ್ಷಕಿರಣಗಳಿಂದಲೂ, ಅದರ ರೂಪವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದಲೂ ನಿರ್ಣಯಿಸುತ್ತಾನೆ. ಕಂಠಗಳ ಅಗಲವನ್ನು ತಿಳಿಯಲು ಪಾದರಸವನ್ನು ಒತ್ತಡದಿಂದ ಒಳಹೊಗಿಸುವ ವಿಧಾನ ಪ್ರಸಿದ್ಧವಾಗಿದೆ. ಕೊನೆಗೆ ಪ್ರವೇಶ್ಯತೆಯನ್ನು ನೆಲದೊಳಗಿನ ಹೊರೆಗೆ ಸಮಾನವಾದ ಹೊರೆಯಲ್ಲಿ ಅಳೆದು, ಇವುಗಳ ಪರಸ್ಪರ ಸಂಬಂಧವನ್ನು ಗಣಿತದಿಂದ ಪರಿಶೀಲಿಸುತ್ತಾನೆ.

ಇಲ್ಲಿ ಎರಡು ಅಪಾಯಗಳುಂಟು. ಮೆದುವಾದ ಕಲ್ಲು ಕೊರೆಯುವಾಗಲೇ ಪುಡಿಯಾಗುವುದರಿಂದ ಪ್ರಯೋಗಶಾಲೆಗೆ ಬರುವ ತುಂಡುಗಳು ಗಟ್ಟಿಯಾದ ಸ್ತರಗಳನ್ನೇ ಹೆಚ್ಚಾಗಿ ಪ್ರತಿನಿಧಿಸುತ್ತವೆ. ಎರಡನೆಯದು, ಬೆರಳುದ್ದದ ತುಂಡಿನಿಂದ ನೂರಾರು ಚದರ ಕಿಲೋಮೀಟರುಗಳ ವಿಷಯವನ್ನು ಹೇಳಬೇಕಾದ ಸಂಕಟ. ಸಂಚಯದ ಪರಿಸರವನ್ನು ಮೊದಲೇ ಗುರುತಿ��ುವುದರ ಪ್ರಯೋಜನ ಇಲ್ಲಿ ವ್ಯಕ್ತವಾಗುತ್ತದೆ. ತುಂಡುಗಳಲ್ಲಿ ಕಂಡ ಗುಣವನ್ನು ಕ್ಷೇತ್ರಕ್ಕೆ ಹರಡಲು ಅದೇ ಆಧಾರ.

ಮೂಲತತ್ತ್ವವನ್ನು ಕಾಲೇಜಿನಲ್ಲಿಯೇ ತೋರಿಸಬಹುದು. ಎರಡು ಗಾಜಿನ ಕೊಳವೆಗಳಿಗೆ ತೊಳೆದು ಜರಡಿಯಾಡಿದ ಹೊಳೆಯ ಮರಳನ್ನು ಸಮನಾಗಿ ತುಂಬಿ, ಒಂದಕ್ಕೆ ಮಾತ್ರ ನೂರಕ್ಕೆ ಐದು ಪಾಲು ನುಣ್ಣನೆಯ ಜೇಡಿಮಣ್ಣನ್ನು ಬೆರೆಸಿ, ಸಮಾನ ಎತ್ತರದಿಂದ ನೀರು ಹಾಯಿಸಿದರೆ, ಒಂದೇ ಪ್ರಮಾಣದ ನೀರು ಇಳಿಯಲು ಹಿಡಿಯುವ ಕಾಲದ ಅಂತರವೇ ಪಾಠವಾಗುತ್ತದೆ.

೮. ಉಪಸಂಹಾರ

ಮರಳುಗಲ್ಲಿನ ಅನಿಲಾಶಯವು ನಿರ್ಜೀವವಾದ ಪಾತ್ರೆಯಲ್ಲ. ಕಣಗಳ ಮೂಲ, ಹೂತುಹೋದ ಮೇಲೆ ಅವು ಪಡೆದ ಪರಿವರ್ತನೆ, ಜೇಡಿಯ ಜಾತಿ, ರೂಪ ಮತ್ತು ಸ್ಥಾನ ಇವೆಲ್ಲವೂ ಕೂಡಿ ಅನಿಲ ಎಷ್ಟು ಬರುತ್ತದೆ, ಎಷ್ಟು ಬೇಗ ಬರುತ್ತದೆ, ಬಂದ ಮೇಲೆ ನೆಲ ಹೇಗಿರುತ್ತದೆ ಎಂಬುದನ್ನು ನಿಶ್ಚಯಿಸುತ್ತವೆ. ನಮ್ಮ ದೇಶದಲ್ಲಿಯೂ ಗೋದಾವರಿ ಪ್ರದೇಶದ ಮಂಡಪೇಟ ಮರಳುಗಲ್ಲಿನಂಥ ಕಡಮೆ ಪ್ರವೇಶ್ಯತೆಯ ಅನಿಲಶಿಲೆಗಳಿವೆ. ಇಂಥ ಅಧ್ಯಯನಕ್ಕೆ ಅಲ್ಲಿ ಅವಕಾಶವುಂಟು. ಸೂಕ್ಷ್ಮದರ್ಶಕದಲ್ಲಿ ಮಾತ್ರ ಕಾಣುವ ಜೇಡಿಯ ಪೊರೆಯೊಂದು ಒಂದು ಪ್ರಾಂತದ ಮನೆಗಳ ಗೋಡೆಗೆ ಸಂಬಂಧಿಸಿದ ಸಂಗತಿಯಾಗಬಹುದೆಂದು ಗ್ರೋನಿಂಗೆನ್ ತೋರಿಸಿಕೊಟ್ಟಿದೆ. ಆದುದರಿಂದ ಬಾವಿಯಿಂದ ಅನಿಲವನ್ನು ತೆಗೆಯುವ ಮುನ್ನವೇ ಕಲ್ಲಿನ ಸ್ವಭಾವವನ್ನು ಕೂಲಂಕಷವಾಗಿ ಅರಿಯುವುದು ಭೂವಿಜ್ಞಾನಿಯ ಕರ್ತವ್ಯ. ತರಗತಿಯಲ್ಲಿ ತೆಳುಕೊಯ್ತವನ್ನು ಶ್ರದ್ಧೆಯಿಂದ ನೋಡಲು ಕಲಿಯುವ ವಿದ್ಯಾರ್ಥಿಯು ಆ ಕರ್ತವ್ಯದ ಮೊದಲ ಮೆಟ್ಟಿಲನ್ನು ಏರಿದಂತೆ.